ಶ್ರೀ ಎಚ್. ಎಲ್. ನಾಗೇಗೌಡರ ಗ್ರಂಥಗಳು: ಒಂದು ಅಭಿಪ್ರಾಯ

ನಮ್ಮ ಶಾಲೆಯ ಪುಸ್ತಕ ಭಂಡಾರದಲ್ಲಿ ಮೂರು ಬೀರುಗಳಿವೆ. ಚರಿತ್ರೆಯ ಗ್ರಂಥಗಳಿಗೆ ಒಂದು, ಕಥೆ ಕಾದಂಬರಿಗಳಿಗೆ ಒಂದು, ಮಿಕ್ಕುದೆಲ್ಲಕ್ಕೂ ಇನ್ನೊಂದು. ಕಳೆದ ವರ್ಷ ಪುಸ್ತಕಗಳ ಪಟ್ಟಿಯನ್ನು ಹೊಸದಾಗಿ ಬರೆಯುವ ಕೆಲಸವು ನಮ್ಮ ಪಾಲಿಗೆ ಬಂದಿತು. ಆಗ ಒಬ್ಬರೇ ಗ್ರಂಥಕರ್ತರ ಹೆಸರನ್ನು ಮೂರು ಬೀರುಗಳ ಪಟ್ಟಿಯಲ್ಲಿಯೂ ಬರೆಯಬೇಕಾಗಿ ಬಂದುದನ್ನು ಕಂಡು ನಮಗೆ ಮೊದಲು ಸೋಜಿಗವೂ ಆಮೇಲೆ ಸ್ವಲ್ಪ ನಾಚಿಕೆಯೂ ಆದುವು. ಸೋಜಿಗವೇಕೆಂದರೆ ಒಬ್ಬರ ಲೇಖನಿಯು ಇಷ್ಟು ಬೇರೆ ಬೇರೆ ಹೊಲಗಳನ್ನು ಉತ್ತಿರುವುದು ಅಪರೂಪ. ನಾಚಿಕೆಯೇಕೆಂದರೆ ಆ ಹೊತ್ತಗೆಗಳಲ್ಲಿ ಹೆಚ್ಚಿನವುಗಳ ಹಾಳೆಗಳನ್ನು ಯಾರೂ ಮಗುಚಿದ ಗುರುತೇ ಇರಲಿಲ್ಲ. ಒಂದೆರಡರೊಳಗೆ ಬೆಳ್ಳಿಮೀನಿನ ಹುಳು ಮಾತ್ರ ಓದುತ್ತಲಿದ್ದಿತು.

ಆ ಗ್ರಂಥಕರ್ತರು ಕೀರ್ತಿಶೇಷರಾದ ಶ್ರೀಮಾನ್ ಎಚ್. ಎಲ್. ನಾಗೇಗೌಡರು. ಈ ಸೀಮೆಯಲ್ಲಿ ಅವರ ಹೆಸರನ್ನು ಕೇಳದವರಿಲ್ಲ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ರಾಮನಗರವನ್ನು ದಾಟಿ ಚನ್ನಪಟ್ಟಣದ ಕಡೆಗೆ ಬರುವಾಗ ಕಾಣುವ ಜಾನಪದ ಲೋಕವನ್ನು 1994ನೆಯ ಇಸವಿಯಲ್ಲಿ ಕಟ್ಟಿ ನಿಲ್ಲಿಸಿದವರು ಅವರೇ. ಅದಕ್ಕೆ ಹದಿನೈದು ವರ್ಷ ಮೊದಲು, 1979ರಲ್ಲಿ, ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದವರೂ ಅವರೇ. ನಮ್ಮ ವಿದ್ಯಾರ್ಥಿನಿಯರಲ್ಲಿ ಅನೇಕರು ಆ ಸ್ಥಳವನ್ನು ಬಲ್ಲರು. ಅಲ್ಲಿಯ ಲೋಕಮಾತಾ ಮಂದಿರದಲ್ಲಿ ಒನಕೆ, ಒರಳು, ಬೀಸುವ ಕಲ್ಲು, ವಾಡೆಗಳನ್ನು ನೋಡಿದ್ದಾರೆ. ಲೋಕಮಹಲಿನಲ್ಲಿ ತೊಗಲುಗೊಂಬೆಗಳನ್ನೂ ಸೋಮನ ಮುಖವಾಡಗಳನ್ನೂ ನೋಡಿ ಬೆರಗಾಗಿದ್ದಾರೆ. ಬುತ್ತಿ ಉಂಡು, ಚಿತ್ರ ತೆಗೆಸಿಕೊಂಡು, ಸಂಜೆಯ ಬಸ್ಸಿಗೆ ಹಿಂದಿರುಗಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕಟ್ಟಡವನ್ನು ಕಟ್ಟಿದವರೆಂದು ಒಬ್ಬರನ್ನು ಕೊಂಡಾಡುತ್ತ ಅವರು ಬರೆದುದನ್ನು ಓದದೆ ಬಿಡುವುದು ಅವರಿಗೆ ಮಾಡುವ ಅರ್ಧ ಮರ್ಯಾದೆಯೇ ಸರಿ. ಆ ಉಳಿದ ಅರ್ಧವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳುವುದಕ್ಕಾಗಿ ಈ ಸ್ಮರಣ ಸಂಚಿಕೆಯಲ್ಲಿ ಸ್ವಲ್ಪ ಸ್ಥಳವನ್ನು ಕೇಳಿಕೊಂಡೆವು.

ನಾಗೇಗೌಡರು ಹುಟ್ಟಿದುದು 1915ನೆಯ ಫೆಬ್ರವರಿ 11ರಲ್ಲಿ, ನಾಗಮಂಗಲದ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ. ಒಕ್ಕಲುಮನೆಯ ಹುಡುಗ ಓದಿ, ಸರ್ಕಾರದ ಸೇವೆಗೆ ಸೇರಿ, ಐ.ಎ.ಎಸ್. ಅಧಿಕಾರಿಯಾಗಿ, ಜಿಲ್ಲಾಧಿಕಾರಿಯ ಪದವಿಯವರೆಗೂ ಏರಿದರು. 1995ರಲ್ಲಿ ಮುಧೋಳದಲ್ಲಿ ನೆರೆದ ಅರವತ್ತನಾಲ್ಕನೆಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 2005ನೆಯ ಸೆಪ್ಟೆಂಬರಿನಲ್ಲಿ ತೊಂಬತ್ತನೆಯ ವಯಸ್ಸಿನಲ್ಲಿ ಕಾಲವಾದರು. ಈ ಉದ್ಯೋಗಗಳ ನಡುವೆಯೇ ಅವರು ಬರೆದುದನ್ನು ನೋಡಿದರೆ, ಹೊತ್ತಿಲ್ಲವೆಂದು ಹೇಳಿಕೊಂಡು ಏನನ್ನೂ ಬರೆಯದ ನಮ್ಮಂಥವರು ತಲೆತಗ್ಗಿಸಬೇಕಾಗಿದೆ. ಇಂಡಿಯಾ ದೇಶಕ್ಕೆ ಬಂದುಹೋದ ಪರದೇಶದವರ ಬರೆಹಗಳನ್ನು ಕನ್ನಡಿಸಿ ಹಲವು ಸಂಪುಟಗಳಲ್ಲಿ ಕೊಟ್ಟ ‘ಪ್ರವಾಸಿ ಕಂಡ ಇಂಡಿಯಾ’ ಒಂದು ಕಡೆ. ‘ದೊಡ್ಡಮನೆ’, ‘ಭೂಮಿಗೆ ಬಂದ ಗಂಧರ್ವ’, ‘ಸೊನ್ನೆಯಿಂದ ಸೊನ್ನೆಗೆ’ ಎಂಬ ಕಾದಂಬರಿಗಳು ಇನ್ನೊಂದು ಕಡೆ. ‘ಸೋಬಾನೆ ಚಿಕ್ಕಮ್ಮನ ಪದಗಳು’, ‘ಪದವವೆ ನಮ್ಮ ಎದೆಯಲ್ಲಿ’, ‘ಹೆಳವರು ಮತ್ತು ಅವರ ಕಾವ್ಯಗಳು’ ಎಂಬ ಸಂಗ್ರಹಗಳು ಮತ್ತೊಂದು ಕಡೆ. ಇವಲ್ಲದೆ ಕಾಫಿಯನ್ನು ಕುರಿತು ‘ಬೆಟ್ಟದಿಂದ ಬಟ್ಟಲಿಗೆ’ ಎಂಬುದೊಂದು ಹೊತ್ತಗೆಯೂ ಉಂಟು. ಅದನ್ನು ಯಾವ ಬೀರುವಿನಲ್ಲಿಡಬೇಕೆಂಬುದು ನಮಗೆ ಈವರೆಗೂ ತಿಳಿದಿಲ್ಲ.

ಪಟ್ಟಿ ಬರೆಯುವವರಿಗೆ ಇವು ಬೇರೆ ಬೇರೆ ಜಾತಿಯ ಗ್ರಂಥಗಳು. ಚರಿತ್ರೆ ಬೇರೆ, ಕಲ್ಪನೆ ಬೇರೆ, ಹಾಡು ಬೇರೆ ಎಂದು ನಾವೂ ತರಗತಿಯಲ್ಲಿ ಕಲಿಸುತ್ತ ಬಂದಿದ್ದೇವೆ. ಆದರೆ ಈ ಒಬ್ಬ ಗ್ರಂಥಕರ್ತರ ಮಟ್ಟಿಗಾದರೂ ಆ ವಿಂಗಡಣೆಯು ತಪ್ಪೆಂದು ಈಗ ನಮಗೆ ತೋರುತ್ತದೆ. ಇವರು ಒಂದೇ ಪ್ರಶ್ನೆಯನ್ನು ಮೂರು ಕಡೆಗಳಿಂದ ಕೇಳಿದವರು. ನಮ್ಮ ನಾಡಿನವರು ಹೇಗೆ ಬಾಳಿದರು ಎಂಬುದೇ ಆ ಪ್ರಶ್ನೆ. ಹೊರಗಿನಿಂದ ಬಂದವನು ಬೀದಿಯಲ್ಲಿ ನಿಂತು ಕಂಡುದೊಂದು; ಮನೆಯೊಳಗೆ ಹುಟ್ಟಿದವನು ನೆನೆದು ಕಲ್ಪಿಸಿಕೊಂಡುದೊಂದು; ಒಲೆಯ ಮುಂದೆಯೂ ಹಸೆಯ ಮುಂದೆಯೂ ಹೆಂಗಸರು ತಾವೇ ಹೇಳಿಕೊಂಡುದೊಂದು. ಒಂದನ್ನು ಬಿಟ್ಟು ಒಂದನ್ನು ಓದಿದವರಿಗೆ ಆ ಪ್ರಶ್ನೆಗೆ ದೊರೆಯುವ ಉತ್ತರವು ಕುಂಟುತ್ತದೆ.

ಈ ವಿಚಾರವು ನಮಗೆ ತಾನಾಗಿ ಹೊಳೆದುದಲ್ಲ. ಒಂಬತ್ತನೆಯ ತರಗತಿಯಲ್ಲಿ ಪ್ರವಾಸಿಗರ ಪಾಠ ನಡೆಯುತ್ತಿದ್ದಾಗ ಬೈರಾಪಟ್ಟಣದಿಂದ ಬರುವ ಒಬ್ಬ ಹುಡುಗಿಯು ಎದ್ದು ನಿಂತು, “ಅಮ್ಮಾ, ಇವರಲ್ಲಿ ಯಾರಾದರೂ ನಮ್ಮೂರಿಗೆ ಬಂದಿದ್ದರೇ?” ಎಂದು ಕೇಳಿದಳು. ಉಳಿದವರು ನಕ್ಕರು. ನಾವು ನಗಲಿಲ್ಲ, ಉತ್ತರವು ನಮ್ಮಲ್ಲಿರಲಿಲ್ಲವಾದ ಕಾರಣ ನಗುವ ಧೈರ್ಯವೂ ಇರಲಿಲ್ಲ. ಮರುದಿನ ಆಕೆಗೆ ನಾವು ಕೊಟ್ಟ ಉತ್ತರವೇನೆಂದರೆ: ನಿಮ್ಮೂರಿನ ಹತ್ತಿರದ ಚನ್ನಪಟ್ಟಣಕ್ಕೆ ಒಬ್ಬನು ಬಂದಿದ್ದನು. ಟಿಪ್ಪು ಸುಲ್ತಾನನು ಮಡಿದ ಮರುವರ್ಷ, ಎಂದರೆ 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಬೆಳೆ, ಮಣ್ಣು, ಕಂದಾಯ, ಕೈಗಾರಿಕೆಗಳ ವಿವರವನ್ನು ದಿನದಿನವೂ ಬರೆದಿಟ್ಟನು. ಚನ್ನಪಟ್ಟಣದಲ್ಲಿ ಗಾಜಿನ ಬಳೆಗಳನ್ನು ಮಾಡುವುದನ್ನೂ, ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಗಳನ್ನು ಎಳೆದು ದೂರದೂರದ ಸೀಮೆಗಳಿಗೆ ಕಳುಹಿಸುವುದನ್ನೂ ಆತನು ಕಂಡನು. ಅಲ್ಲಿ ತಯಾರಾಗುತ್ತಿದ್ದ ನುಣುಪಾದ ಬಿಳಿಯ ಸಕ್ಕರೆಯ ಮಾತನ್ನೂ ಎತ್ತಿದನು.

ಹುಡುಗಿಯು ಇದನ್ನೆಲ್ಲ ಕೇಳಿಕೊಂಡು, “ಬಳೆ ಮಾಡಿದ್ದು ಬರೆದರು. ತೊಟ್ಟುಕೊಂಡವರ ಮಾತು ಬರೆದರೇ?” ಎಂದಳು. ನಮ್ಮ ಇಪ್ಪತ್ತು ವರ್ಷಗಳ ಪಾಠದಲ್ಲಿ ಇಂಥ ಪ್ರಶ್ನೆಯನ್ನು ಕೇಳಿದವರು ಹೆಚ್ಚು ಮಂದಿಯಿಲ್ಲ.

ಪ್ರವಾಸಿಗರನ್ನು ಹೀಗಳೆಯುವುದು ನಮ್ಮ ಉದ್ದೇಶವಲ್ಲ. ಅವರಿಲ್ಲದಿದ್ದರೆ ನಮ್ಮ ನಾಡಿನ ಎಷ್ಟೋ ಸಂಗತಿಗಳು ಹೆಸರಿಲ್ಲದೆ ಹೋಗುತ್ತಿದ್ದುವು. ನಾಡಿನವನಿಗೆ ದಿನವೂ ಕಾಣುವುದು ಬರೆಯತಕ್ಕ ಸಂಗತಿಯೆಂದು ತೋರುವುದೇ ಇಲ್ಲ. ಹೊರಗಿನವನಿಗೆ ಎಲ್ಲವೂ ಹೊಸದು. ಪೋರ್ಚುಗೀಸರ ನೂನಿಜ್ ಎಂಬವನು 1535ರ ಸುಮಾರಿನಲ್ಲಿ ವಿಜಯನಗರವನ್ನು ಕುರಿತು ಬರೆಯುತ್ತ, ಅರಮನೆಯ ಒಳಗಿನ ಖರ್ಚುವೆಚ್ಚದ ಲೆಕ್ಕವನ್ನು ಬರೆಯುವ ಹೆಂಗಸರು ಇದ್ದರೆಂದೂ, ಕುಸ್ತಿಯಾಡುವ ಹೆಂಗಸರೂ ಶಕುನ ಹೇಳುವ ಹೆಂಗಸರೂ ಇದ್ದರೆಂದೂ ತಿಳಿಸುತ್ತಾನೆ. ಲೆಕ್ಕವೆಂದರೆ ಗಂಡುಮಕ್ಕಳ ವಿದ್ಯೆಯೆಂದು ಈಗಲೂ ನಂಬಿರುವ ತಂದೆತಾಯಿಗಳಿಗೆ ಆ ಒಂದು ಪುಟವನ್ನು ಓದಿ ಹೇಳಬೇಕೆಂದು ನಮಗೆ ಅನೇಕ ಸಲ ಅನಿಸಿದೆ.

ಇನ್ನೂ ರುಚಿಯಾದವನು ಇಟಲಿಯ ಪಿಯೆತ್ರೊ ದೆಲ್ಲ ವಲ್ಲೆ. ಈತನು 1623ರಲ್ಲಿ ಇಕ್ಕೇರಿಯನ್ನೂ ತುಳುನಾಡನ್ನೂ ನೋಡಿದನು. ಜಗಲಿಯ ಮೇಲೆ ಮರಳು ಹರವಿ, ಬೆರಳಿನಿಂದ ಅಂಕೆಗಳನ್ನು ತಿದ್ದುತ್ತ, ರಾಗವಾಗಿ ಹಾಡಿಕೊಂಡು ಲೆಕ್ಕ ಕಲಿಯುವ ಹುಡುಗರನ್ನು ಕಂಡು ನಿಂತು ವಿಚಾರಿಸಿದನು. ಉಳ್ಳಾಲದ ರಾಣಿಯನ್ನು ಆತನು ಕಂಡುದು ಸಿಂಹಾಸನದ ಮೇಲಲ್ಲ, ದಾರಿಯಲ್ಲಿ. ಹೊಸದಾಗಿ ತೋಡಿಸಿದ ಕಾಲುವೆಯನ್ನು ನೋಡಿಬರುವುದಕ್ಕೆ ಆಕೆಯು ಕಾಲಿಗೆ ಜೋಡಿಲ್ಲದೆ ನಡೆದು ಹೋಗುತ್ತಿದ್ದಳು. ಸೊಂಟಕ್ಕೆ ಒಂದು ಸಾದಾ ನೂಲಿನ ಬಟ್ಟೆ, ತಲೆಯ ಮೇಲೆ ಯಾರೋ ಹಿಡಿದ ಓಲೆಯ ಕೊಡೆ. ನೋಟಕ್ಕೆ ಅಡಿಗೆಯವಳಂತೆ ಕಂಡಳೆಂದೂ, ಬಾಯಿ ತೆರೆದು ಮಾತನಾಡಿದ ಕೂಡಲೆ ವಿವೇಕವುಳ್ಳ ರಾಣಿಯೆಂಬುದು ತಿಳಿದುಬಂದಿತೆಂದೂ ಆತನೇ ಒಪ್ಪಿಕೊಂಡಿದ್ದಾನೆ. ಅರಮನೆಯ ಕವಿಯಾಗಿದ್ದರೆ ಈ ಬರಿಗಾಲನ್ನು ಬರೆಯುತ್ತಿದ್ದನೇ? ಖಂಡಿತವಾಗಿಯೂ ಇಲ್ಲ.

ಅದೇ ದೆಲ್ಲ ವಲ್ಲೆಯು ಅದೇ ವರ್ಷದ ನವೆಂಬರಿನಲ್ಲಿ ಇಕ್ಕೇರಿಯಲ್ಲಿ ಗಂಡನ ಹಿಂದೆ ಬೆಂಕಿಗೆ ಬೀಳಲು ಸಿದ್ಧಳಾಗಿದ್ದ ಒಬ್ಬ ಹೆಂಗಸನ್ನು ಆಕೆಯ ಮನೆಗೇ ಹೋಗಿ ಕಂಡನು. ಆತನು ಬರೆದುಕೊಂಡಿರುವ ಹೆಸರನ್ನು ನಾವು ಜಕ್ಕಮ್ಮ ಎಂದು ಓದಿಕೊಳ್ಳಬಹುದು. ಗಂಡನು ಡೋಲು ಬಾರಿಸುವವನು. ಬೇಡವೆಂದು ಆತನು ತನಗೆ ತಿಳಿದಷ್ಟು ಹೇಳಿದನು. ಆಕೆ ನಗುನಗುತ್ತ ಇದು ತನ್ನದೇ ಇಷ್ಟವೆಂದಳು. ಆತನು ಮನಸ್ಸು ನೊಂದು ಹಿಂದಿರುಗಿದನು. ಅಲ್ಲಿಗೆ ಆ ಪುಟ ಮುಗಿಯಿತು. ಆ ನಗುವಿನ ಹಿಂದೆ ಏನಿದ್ದಿತು? ಪರದೇಶದವನು ಎದ್ದು ಹೋದ ಮೇಲೆ ಆಕೆ ಯಾರ ಸಂಗಡ ಏನು ಮಾತನಾಡಿದಳು? ಆಕೆಯ ತಾಯಿಯಿದ್ದರೆ ಆ ರಾತ್ರಿ ಹೇಗೆ ಕಳೆದಳು? ಪ್ರವಾಸಿಯು ಎಷ್ಟೇ ಒಳ್ಳೆಯವನಾದರೂ ಇದನ್ನು ಹೇಳಲಾರನು. ಆತನಿಗೆ ಹೊಸ್ತಿಲವರೆಗೆ ಮಾತ್ರ ದಾರಿ.

ಹೊಸ್ತಿಲಿನ ಒಳಗಣ ಕೆಲಸವು ಕಾದಂಬರಿಕಾರನದು. ನಾಗೇಗೌಡರು ಪ್ರವಾಸಿಗರ ಸಂಪುಟಗಳಲ್ಲೇ ನಿಲ್ಲದೆ ‘ದೊಡ್ಡಮನೆ’ಯನ್ನು ಬರೆದುದು ಇದಕ್ಕಾಗಿಯೇ ಎಂದು ನಾವು ತಿಳಿಯುತ್ತೇವೆ, ಅವರು ಹಾಗೆ ಹೇಳಿಕೊಂಡರೆಂದಲ್ಲ, ಓದಿದ ನಮಗೆ ಹಾಗೆ ತೋರಿದುದು. ಹಳೆಯ ಮೈಸೂರು ಸೀಮೆಯ ಹಳ್ಳಿಯ ಒಕ್ಕಲು ಬಾಳು ಅದರ ವಸ್ತು. ಅಂಥ ಮನೆಗಳಲ್ಲಿ ಹುಟ್ಟಿ ಬೆಳೆದವರು ತಮ್ಮ ಬಾಳೂ ಪುಸ್ತಕಕ್ಕೆ ತಕ್ಕುದೆಂದು ಬಹುಕಾಲ ತಿಳಿದಿರಲಿಲ್ಲ. ಕೆಂಪೇಗೌಡರ ಕೋಟೆ ಚರಿತ್ರೆ; ಸಾವನದುರ್ಗದ ಮುತ್ತಿಗೆ ಚರಿತ್ರೆ; ನಮ್ಮ ದೊಡ್ಡಪ್ಪನವರ ಮನೆಯ ಪಾಲುಪಾರೀಕತ್ತು ಚರಿತ್ರೆಯೇ? ಎಂದು ಯಾರಾದರೂ ಕೇಳಿಯಾರು. ನಾವು ಹೌದೆನ್ನುತ್ತೇವೆ. ಮೂವತ್ತು ಮಂದಿಗೆ ಒಂದೇ ಒಲೆಯ ಮೇಲೆ ಹಿಟ್ಟು ತೊಳಸಿದ ಮನೆಯು ಒಡೆದು ಮೂರು ಒಲೆಯಾದಾಗ ನಾಡಿನಲ್ಲಿ ಏನೋ ಒಂದು ಮುಗಿದುಹೋಯಿತು. ಅದನ್ನು ಯಾವ ಕಂದಾಯದ ಕಡತವೂ ಬರೆಯಲಿಲ್ಲ, ಯಾವ ಪ್ರವಾಸಿಯೂ ನೋಡಲಿಲ್ಲ. ಕಾದಂಬರಿಯೊಂದೇ ಅದಕ್ಕೆ ಸಾಕ್ಷಿ ನುಡಿಯಬಲ್ಲುದು.

ಕಲ್ಪಿಸಿ ಬರೆದುದು ಸಾಕ್ಷಿಯಾದೀತೇ ಎಂಬ ಆಕ್ಷೇಪವು ನ್ಯಾಯವಾದುದೇ. ಕಾದಂಬರಿಯಲ್ಲಿ ಓದಿದುದನ್ನು ನಡೆದ ಸಂಗತಿಯೆಂದು ಪರೀಕ್ಷೆಯ ಉತ್ತರದಲ್ಲಿ ಬರೆದ ಹುಡುಗಿಗೆ ನಾವೂ ಸೊನ್ನೆ ಹಾಕಿದ್ದೇವೆ, ಮುಂದೆಯೂ ಹಾಕುವೆವು. ಆದರೆ ಇಸವಿಗೂ ಹೆಸರಿಗೂ ಪ್ರಮಾಣವಾಗಲಾರದ ಕಾದಂಬರಿಯು ಬಾಳಿನ ರೀತಿಗೆ ಪ್ರಮಾಣವಾಗಬಲ್ಲುದು. ಯಾರು ಯಾರಿಗೆ ಹೇಗೆ ಮಾತನಾಡುತ್ತಿದ್ದರು, ಸೊಸೆಯು ಯಾವಾಗ ಉಣ್ಣುತ್ತಿದ್ದಳು, ಸಾಲವೆಂಬುದು ಮನೆಯೊಳಗೆ ಹೇಗೆ ಕಾಲಿಡುತ್ತಿದ್ದಿತು ಎಂಬ ವಿಷಯಗಳಲ್ಲಿ ಆ ಬಾಳನ್ನು ಬಾಳಿದವನ ಕಲ್ಪನೆಯು ಹೊರಗಿನವನ ದಿನಚರಿಗಿಂತ ಹೆಚ್ಚು ನಂಬತಕ್ಕದ್ದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಓದಿದವಳಿಗೆ ಎಲ್ಲಿ ಯಾರನ್ನು ನಂಬಬೇಕೆಂಬ ವಿವೇಕವು ಬರುತ್ತದೆ.

ಇನ್ನು ಹಾಡುಗಳು. ಇವುಗಳ ಮಾತಿಗೆ ಬಂದಾಗ ನಮಗೆ ಸ್ವಲ್ಪ ಸಂಕೋಚವುಂಟು. ಅಧಿಕಾರದಲ್ಲಿರುವವರೊಬ್ಬರು ಎದುರಿಗೆ ಕುಳಿತು “ಹಾಡವ್ವ” ಎಂದರೆ ಹಳ್ಳಿಯ ಹೆಂಗಸು ಎಲ್ಲ ಹಾಡನ್ನೂ ಹಾಡಿಯಾಳೇ? ಗಂಡಸರ ಮುಂದೆ ಹಾಡದ ಹಾಡುಗಳು ನಮ್ಮ ಹೆಂಗಸರಲ್ಲಿ ಎಷ್ಟೋ ಇವೆ. ಅವು ಯಾರ ಸಂಗ್ರಹಕ್ಕೂ ಸುಲಭವಾಗಿ ಸಿಕ್ಕವು. ಈ ಸಂಕೋಚವನ್ನು ಇಟ್ಟುಕೊಂಡೇ ನಾವು ಹೇಳುವುದೇನೆಂದರೆ, ‘ಸೋಬಾನೆ ಚಿಕ್ಕಮ್ಮನ ಪದಗಳು’ ಎಂಬ ಹೆಸರನ್ನು ಇಟ್ಟುದರಲ್ಲಿಯೇ ಒಂದು ದೊಡ್ಡ ನ್ಯಾಯವಿದೆ. ಜಾನಪದವೆಂದರೆ ಕರ್ತೃವಿಲ್ಲದ ಸಾಹಿತ್ಯವೆಂದು ಪಾಠ ಹೇಳುವಾಗ ನಾವು ಹಾಡಿದವಳನ್ನು ಮರೆಯುವುದುಂಟು. ಇಲ್ಲಿ ಹಾಡಿದವಳ ಹೆಸರೇ ಪುಸ್ತಕದ ಹೆಸರು. ಅರಿಸಿನ ಎಣ್ಣೆಯಿಂದ ಹಿಡಿದು ಹೆಣ್ಣೊಪ್ಪಿಸುವವರೆಗೆ ಮದುವೆಯ ಒಂದೊಂದು ಹೆಜ್ಜೆಗೂ ಹಾಡುವ ಸೋಬಾನೆಯವರು ಎಷ್ಟು ಹೆಣ್ಣುಮಕ್ಕಳನ್ನು ತವರಿನಿಂದ ಕಳುಹಿಸಿಕೊಟ್ಟರೋ! ಅವರಲ್ಲಿ ಒಬ್ಬಳ ಹೆಸರಾದರೂ ಹೊತ್ತಗೆಯ ಬೆನ್ನಿನ ಮೇಲೆ ಉಳಿಯಿತು.

ಹೆಳವರ ಗ್ರಂಥವನ್ನೂ ಇದರ ಪಕ್ಕಕ್ಕೆ ಇಡಬೇಕು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಒಕ್ಕಲುಮನೆಗಳ ಬಾಗಿಲಿಗೆ ಬಂದು, ಆ ಮನೆಯ ಮೂಲ ಯಾವುದು, ಯಾವ ಊರಿನಿಂದ ಬಂದವರು, ಯಾರ ಮಗ ಯಾರು ಎಂದು ಒಪ್ಪಿಸಿ, ಧಾನ್ಯವನ್ನೋ ಬಟ್ಟೆಯನ್ನೋ ಪಡೆದು ಹೋಗುವ ಹೆಳವರನ್ನು ನಮ್ಮಲ್ಲಿ ಹಿರಿಯರು ಕಂಡಿದ್ದಾರೆ. ಅರಸರಿಗೆ ಶಾಸನವಿದ್ದಂತೆ ಒಕ್ಕಲಿಗೆ ಹೆಳವನು. ಕಥನರೂಪದ ಚರಿತ್ರೆಯೆಂದರೆ ಇದಕ್ಕಿಂತ ಬೇರೆ ಇನ್ನಾವುದು? ಆದರೆ ಹೆಳವನು ಹೇಳುವುದು ಹೆಚ್ಚಾಗಿ ಗಂಡುಮಕ್ಕಳ ಸಾಲನ್ನು. ಕೊಟ್ಟ ಹೆಣ್ಣು ಎತ್ತ ಹೋದಳೆಂಬುದನ್ನು ಸೋಬಾನೆಯ ಹಾಡು ಹೇಳುತ್ತದೆ. ಒಂದೇ ಮನೆಯ ಲೆಕ್ಕವನ್ನು ಇಬ್ಬರು ಹಂಚಿಕೊಂಡು ಇಟ್ಟಂತಾಯಿತು. ಇವೆರಡನ್ನೂ ಒಬ್ಬರೇ ಕೂಡಿಹಾಕಿದರೆಂಬುದು ನಮಗೆ ಅವರು ಕಟ್ಟಿದ ಕಟ್ಟಡಗಳಿಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಈ ಅಭಿಪ್ರಾಯವನ್ನು ಉಪಾಧ್ಯಾಯಿನಿಯರ ಸಭೆಯಲ್ಲಿ ಹೇಳಿದಾಗ ಒಬ್ಬ ಹಿರಿಯರು, ಇಷ್ಟೊಂದನ್ನು ಓದುವುದಕ್ಕೆ ಹೆಣ್ಣುಮಕ್ಕಳಿಗೆ ಹೊತ್ತೆಲ್ಲಿದೆ, ಪರೀಕ್ಷೆಗೆ ಇದರಿಂದ ಒಂದು ಅಂಕವೂ ಬಾರದು ಎಂದರು. ಅಂಕ ಬಾರದೆಂಬುದು ನಿಜ. ಎಲ್ಲವನ್ನೂ ಓದಬೇಕೆಂದೂ ನಾವು ಕೇಳುವುದಿಲ್ಲ. ಪ್ರವಾಸಿಗರ ಸಂಪುಟಗಳನ್ನು ಒಂದೇ ಸಮನೆ ಓದಿದರೆ ನಮಗೇ ಜೊಂಪು ಹತ್ತುತ್ತದೆ, ಅವು ಆಗಾಗ ತೆರೆದು ನೋಡತಕ್ಕವು. ಒಂದು ಪ್ರವಾಸಿಯ ಪುಟ, ‘ದೊಡ್ಡಮನೆ’ಯ ಒಂದು ಅಧ್ಯಾಯ, ಚಿಕ್ಕಮ್ಮನ ಒಂದು ಪದ: ಒಂದು ಶನಿವಾರದ ಮಧ್ಯಾಹ್ನಕ್ಕೆ ಇಷ್ಟು ಸಾಕು. ಜಾನಪದ ಲೋಕಕ್ಕೆ ಹೋಗುವ ಮೊದಲು ಇಷ್ಟನ್ನು ಓದಿಕೊಂಡ ಹುಡುಗಿಗೆ ಅಲ್ಲಿಯ ಬೀಸುವ ಕಲ್ಲು ಬರಿಯ ಕಲ್ಲಾಗಿ ಕಾಣಲಾರದು.

ಅವಸರವೇಕೆಂದರೆ, ಈ ಪುಸ್ತಕಗಳು ಬೀರುವಿನಲ್ಲಿ ಇನ್ನೂ ಐವತ್ತು ವರ್ಷ ಇದ್ದಾವು. ಇವುಗಳಲ್ಲಿ ಬರೆದಿರುವ ಬಾಳನ್ನು ಕಣ್ಣಾರೆ ಕಂಡು, ಇದು ಸರಿ ಇದು ತಪ್ಪೆಂದು ಹೇಳಬಲ್ಲ ಅಜ್ಜಿಯರು ಅಷ್ಟು ಕಾಲ ಇರಲಾರರು. ನಮ್ಮ ಒಂಬತ್ತನೆಯ ತರಗತಿಯ ನಲವತ್ತೊಂದು ಹುಡುಗಿಯರನ್ನು ವಿಚಾರಿಸಿದಾಗ, ಸೋಬಾನೆ ಹಾಡಬಲ್ಲ ಹಿರಿಯರು ಮನೆಯಲ್ಲಿರುವವರು ಆರು ಮಂದಿ ಮಾತ್ರ ಎದ್ದು ನಿಂತರು.

ಆ ಆರರಲ್ಲಿ ಬೈರಾಪಟ್ಟಣದ ಹುಡುಗಿಯೂ ಒಬ್ಬಳು. ದಸರೆಯ ರಜೆಯಲ್ಲಿ ಅಜ್ಜಿಯ ಹಾಡುಗಳನ್ನು ಬರೆದು ತರುವಂತೆ ಆಕೆಗೆ ಒಂದು ನೋಟುಪುಸ್ತಕವನ್ನು ಕೊಟ್ಟೆವು. ರಜೆ ಮುಗಿದು ಬಂದಾಗ ನೋಟುಪುಸ್ತಕದಲ್ಲಿ ನಾಲ್ಕೇ ಪುಟ ತುಂಬಿದ್ದಿತು. ಸೋಮಾರಿತನವೆಂದುಕೊಂಡು ನಾವು ಗದರಿಸುವುದರಲ್ಲಿದ್ದೆವು. ಅಷ್ಟರಲ್ಲಿ ಆಕೆಯೇ, “ಅಜ್ಜಿ ಬರೆಸೋಕೆ ಒಪ್ಪಲಿಲ್ಲ ಅಮ್ಮಾ. ‘ಬರ್ಕಂಡು ಏನ್ ಮಾಡೀಯೇ ಮಗಾ, ಹಾಡೋದಾದ್ರೆ ಕೂತ್ಕೋ, ಹೇಳ್ಕೊಡ್ತೀನಿ’ ಅಂದರು” ಎಂದಳು. ಎಷ್ಟು ಹಾಡು ಕಲಿತೆಯೆಂದು ಕೇಳಿದೆವು. ಒಂಬತ್ತು ಎಂದಳು.

ನಾವು ಹೇಳಿದುದಕ್ಕೆಲ್ಲ ಈ ಮುದುಕಿಯ ಮಾತು ಅಡ್ಡ ಬಂದು ನಿಂತಿದೆ. ಅದನ್ನು ಬಚ್ಚಿಡುವುದು ಸರಿಯಲ್ಲವೆಂದು ಇಲ್ಲಿ ಬರೆದಿದ್ದೇವೆ. ಪುಸ್ತಕದಲ್ಲಿ ಉಳಿದ ಹಾಡು ಹಾಡಾಗಿ ಉಳಿಯಿತೇ ಎಂಬುದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಆದರೂ ಆ ನಾಲ್ಕು ಪುಟಗಳನ್ನು ಹರಿಯದೆ ಇಟ್ಟಿದ್ದೇವೆ. ಉಳಿದ ಐವರಿಗೂ ನೋಟುಪುಸ್ತಕಗಳನ್ನು ಕೊಟ್ಟಿದ್ದೇವೆ.

ಪುಸ್ತಕ ಭಂಡಾರದ ಸಂಗತಿಯೊಂದು ಉಳಿಯಿತು. ನಾಗೇಗೌಡರ ಗ್ರಂಥಗಳನ್ನೆಲ್ಲ ಮೂರು ಬೀರುಗಳಿಂದ ತೆಗೆದು ಬಾಗಿಲ ಬಳಿಯ ಒಂದೇ ಹಲಗೆಯ ಮೇಲೆ ಸಾಲಾಗಿ ಇಡಬೇಕೆಂದು ಕೇಳಿಕೊಂಡೆವು. ಸಂಖ್ಯೆಗಳ ಕ್ರಮವು ಕೆಡುತ್ತದೆಂದು ಭಂಡಾರವನ್ನು ನೋಡಿಕೊಳ್ಳುವವರು ಮೊದಲು ಒಪ್ಪಲಿಲ್ಲ. ಈ ವರ್ಷದ ಕೊನೆಯವರೆಗೆ ಮಾತ್ರವೆಂದು ಆಮೇಲೆ ಒಪ್ಪಿದರು. ಈಗ ಹಲಗೆಯ ಮೇಲೆ ‘ದೊಡ್ಡಮನೆ’ಯ ಸ್ಥಳವು ಬರಿದಾಗಿದೆ. ಯಾರೋ ಒಯ್ದಿದ್ದಾರೆ, ಹಿಂದಿರುಗಿಸುವ ದಿನ ಕಳೆದು ಎರಡು ವಾರವಾದುವು. ದಂಡವನ್ನು ಕೇಳಬೇಡಿರೆಂದು ನಾವೇ ಹೇಳಿದ್ದೇವೆ.